ಪರದೆಯ ಹಿಂದಿನ ‘ಹೂಂ’

ಕೋವಿಡ್ ಮುಗಿದ ಎರಡನೇ ವರ್ಷ ನಾನು ಕನ್ನಡ ದಿನಪತ್ರಿಕೆಯೊಂದರ ಚಿಕ್ಕೋಡಿ ವರದಿಗಾರನಾಗಿದ್ದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೋರ್ಟು ಸುದ್ದಿಯೂ ನನ್ನ ಪಾಲಿಗೇ ಬರುತ್ತಿತ್ತು. ಸಿವಿಲ್ ದಾವೆಗಳಿಗೆ ಪತ್ರಿಕೆಯಲ್ಲಿ ಜಾಗ ಕಡಿಮೆ. ಆದರೆ ಕೋರ್ಟುಗಳು ಧರ್ಮದ ಕಾನೂನನ್ನೂ ಹೊರದೇಶದ ಕಾನೂನನ್ನೂ ಪರಿಗಣಿಸಬೇಕೇ ಎಂಬ ಚರ್ಚೆ ಆಗ ಟಿವಿಗಳಲ್ಲಿ ಜೋರಾಗಿತ್ತು. ಅಥಣಿಯ ಸಿವಿಲ್ ನ್ಯಾಯಾಲಯದಲ್ಲಿ ಅಂಥದೇ ಒಂದು ಪಾಲಿನ ದಾವೆ ನಡೆದಿದೆ ಎಂದು ತಿಳಿದು, ಪ್ರತಿ ತಾರೀಖಿಗೂ ಹೋಗತೊಡಗಿದೆ.

ದಾವೆ ಹೂಡಿದವಳು ಐನಾಪುರದ ಜೈತೂನಬಿ. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ಮೀರಜದಿಂದ ಊರಿಗೆ ಮರಳಿ ಬಾಡಿಗೆ ಕೋಣೆಯಲ್ಲಿದ್ದಳು. ಮಣೂಕ ಎನ್ನುವ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೂಲಿ ಅವಳದು. ಅಲ್ಲಿಗೆ ಬರುವ ದ್ರಾಕ್ಷಿಯಲ್ಲಿ ಅವಳ ತಂದೆಯ ತೋಟದ್ದೂ ಇರುತ್ತಿತ್ತು. ತಂದೆ ತೀರಿದ ಮೇಲೆ ಆ ಐದು ಎಕರೆ ತೋಟ ಅಣ್ಣಂದಿರಾದ ದಸ್ತಗೀರ ಮತ್ತು ಮೌಲಾಲಿಯ ಕೈಯಲ್ಲಿತ್ತು. ತಾಯಿ ಮೊದಲೇ ತೀರಿದ್ದಳು. ವಾರಸುದಾರಿಕೆಯ ವಿಷಯದಲ್ಲಿ ನಮ್ಮ ಕೋರ್ಟುಗಳು ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನನ್ನು ಅನ್ವಯಿಸುತ್ತವೆ. ಅದರಂತೆ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಜೈತೂನಬಿ ಕೇಳಿದ್ದು ಆ ಒಂದು ಎಕರೆಯನ್ನೇ.

ಅಣ್ಣಂದಿರ ವಕೀಲರು ಎರಡು ವಾದ ಹೂಡಿದ್ದರು. ಆ ಭಾಗದಲ್ಲಿ ಜಾತಿ ಧರ್ಮ ಯಾವುದೇ ಇರಲಿ, ಹೆಣ್ಣುಮಕ್ಕಳಿಗೆ ಸೀರೆ ಉಡಿಸಿ ಕಳಿಸುವ ರೂಢಿಯೇ ಹೊರತು ಹೊಲ ಕೊಡುವ ರೂಢಿಯಿಲ್ಲ ಎಂಬುದು ಒಂದು. ತಂದೆಯ ಮಣ್ಣಾದ ಮೂರನೇ ದಿನ ಜಿಯಾರತಿಗೆ ಸೇರಿದ್ದ ಹಿರಿಯರ ಎದುರು ತಂಗಿ ಪಾಲು ಬಿಟ್ಟಿದ್ದಾಳೆ, ಧರ್ಮದಲ್ಲಿ ಆಡಿದ ಮಾತಿಗೆ ಪತ್ರ ಬೇಕಿಲ್ಲ ಎಂಬುದು ಇನ್ನೊಂದು. ಹಕ್ಕು ಬಿಡಲು ನೋಂದಾಯಿತ ಪತ್ರವೇ ಬೇಕೆಂದು ತಂಗಿಯ ವಕೀಲರು ಪಟ್ಟು ಹಿಡಿದರು. ಆದರೆ ಮನೆಯೊಳಗಿನ ಬಾಯಿಮಾತಿನ ಒಪ್ಪಂದವನ್ನು ಕೋರ್ಟು ಒಪ್ಪುವುದೂ ಉಂಟು. ಹೀಗಾಗಿ ರೂಢಿಯ ವಾದ ಬಿದ್ದರೆ ಆ ಎಕರೆಯೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತಿತ್ತು: ಜೈತೂನಬಿ ಅಂದು ಒಪ್ಪಿದ್ದಳೆ?

ನ್ಯಾಯಾಧೀಶರು ಮೈಸೂರು ಕಡೆಯ ಹೆಣ್ಣುಮಗಳು, ಮಿತಭಾಷಿ. ಒಂದು ದಿನ ಎರಡೂ ಕಡೆಯ ವಕೀಲರನ್ನು ತಡೆದು, ಅಣ್ಣಂದಿರ ವಕೀಲರತ್ತ ತಿರುಗಿ ಹೇಳಿದರು: “ಜಮೀನಿಗೆ ನಿಮಗೆ ಊರ ರೂಢಿ ಬೇಕು, ಮಾತಿಗೆ ಧರ್ಮ ಬೇಕು. ಅವರಿಗೆ ಜಮೀನಿಗೆ ಧರ್ಮ ಬೇಕು, ಮಾತಿಗೆ ಸರ್ಕಾರದ ಕಾನೂನು ಬೇಕು. ಕೋರ್ಟನ್ನ ಸಂತೆ ಅಂದುಕೊಂಡಿದ್ದೀರಾ?” ಎಲ್ಲರೂ ನಕ್ಕರು. ಅಷ್ಟು ದಿನ ನಾನು ಪುಟಗಟ್ಟಲೆ ಬರೆದುಕೊಂಡಿದ್ದು ಆ ಮೂರು ಮಾತಿನಲ್ಲಿ ಮುಗಿದಿತ್ತು.

ಜೈತೂನಬಿಯ ಪಾಟೀಸವಾಲಿನಲ್ಲಿ ಅಣ್ಣಂದಿರ ವಕೀಲರು, ತವರಿನ ಸೀರೆಗಳನ್ನು ಸುಮ್ಮನೆ ಉಟ್ಟಿರಲ್ಲವೇ ಎಂದು ಚುಚ್ಚಿದರು.

“ಉಟ್ಟೀನ್ರಿ,” ಅಂದಳು ಆಕೆ. “ಪಾಲಂತ ಉಟ್ಟಿಲ್ರಿ.”

ರೂಢಿ ಸಾಬೀತು ಮಾಡಲು ಅಣ್ಣಂದಿರು ಕರೆತಂದದ್ದು ಪಕ್ಕದ ತೋಟದ ಹಿರಿಯ ಹಿಂದೂ ರೈತರೊಬ್ಬರನ್ನು. ತಮ್ಮೂರಲ್ಲಿ ಹೆಣ್ಣಿಗೆ ಹೊಲ ಕೊಟ್ಟಿದ್ದೇ ಇಲ್ಲ ಎಂದು ಘಂಟಾಘೋಷವಾಗಿ ಹೇಳಿದರು. ನಿಮ್ಮ ಮಗಳಿಗೆ ಕೊಟ್ಟಿಲ್ಲವೇ ಎಂದು ತಂಗಿಯ ವಕೀಲರು ಕೇಳಿದಾಗ ಗಾಂಧಿ ಟೋಪಿ ತೆಗೆದು ತಲೆ ಕೆರೆದುಕೊಂಡರು. “ನಮ್ಮ ಮಂದಿಗಿ ಕಾಯ್ದೆ ಬಂತಲ್ರಿ. ಕೊಡಬೇಕಾತು. ಅಳಿಯಾ ಬಿಡ್ಲಿಲ್ಲ.” ರೂಢಿಯ ವಾದ ಅಲ್ಲಿಗೇ ಕುಸಿಯಿತು.

ಉಳಿದದ್ದು ಜಿಯಾರತಿನ ಮಾತು. ಅಂದು ಸೇರಿದ್ದ ಹಿರಿಯರು ಯಾರೂ ಕೋರ್ಟಿಗೆ ಬರಲು ಒಪ್ಪದ್ದರಿಂದ ಅದಕ್ಕೆ ಸಾಕ್ಷಿ ದಸ್ತಗೀರ ಒಬ್ಬನೇ. ಬಿಳಿ ಗಡ್ಡದ, ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ. ವಕೀಲರು ಸಿದ್ಧಪಡಿಸಿದ ಪ್ರಮಾಣಪತ್ರದಲ್ಲಿ ‘ತಂಗಿ ಎಲ್ಲರ ಎದುರು ಒಪ್ಪಿದಳು’ ಎಂದಿತ್ತು. ಪಾಟೀಸವಾಲು ಮುಗಿದ ಮೇಲೆ ನ್ಯಾಯಾಧೀಶರೇ ಕೇಳಿದರು: “ಅವರು ಒಪ್ಪಿದ್ದನ್ನ ನೀವು ಕಿವಿಯಾರೆ ಕೇಳಿದಿರಾ?”

ದಸ್ತಗೀರ ಕಟಕಟೆಯ ಕಟ್ಟಿಗೆ ಹಿಡಿದು ನಿಂತ. ಹಿಂದಿನ ಬೆಂಚಿನಲ್ಲಿದ್ದ ತಮ್ಮ ಮೌಲಾಲಿ ಎದ್ದು ನಿಂತಿದ್ದ. ಹೌದು ಎಂದರೆ ಇಡೀ ತೋಟ ಉಳಿಯುತ್ತಿತ್ತು. ತಂಗಿಯ ಮಾತೊಂದನ್ನು ಬಿಟ್ಟರೆ ಅದನ್ನು ಸುಳ್ಳೆಂದು ತೋರಿಸಬಲ್ಲವರು ಯಾರೂ ಇರಲಿಲ್ಲ.

“ಗಂಡಸರು ಅಂಗಳದಾಗ ಕುಂತಿದ್ವಿರಿ. ಹೆಣ್ಣಮಕ್ಕಳು ಪರದೆ ಹಿಂದ,” ಎಂದ. “ಹಿರ್ಯಾರು, ಪಾಲ ಬಿಟ್ಟಿಯೇನವಾ ಅಂತ ಕೇಳಿದ್ರು. ಆಕಿ ಅಳೂದು ಕೇಳಿಸ್ತರಿ. ಹೂಂ ಅಂದದ್ದು ಕೇಳಿಸಲಿಲ್ಲ. ಹೂಂ ಅಂದಾಳ ಅಂತ ಒಳಗಿನಿಂದ ಮತ್ತ್ಯಾರೋ ಹೇಳಿದ್ರು.”

ನ್ಯಾಯಾಧೀಶರು ಉತ್ತರವನ್ನು ತಾವೇ ನಿಧಾನವಾಗಿ ಬರೆಸಿದರು.

ಹೊರಗೆ ಬೇವಿನ ಮರದ ಕೆಳಗೆ ಮೌಲಾಲಿ ಕುದಿಯುತ್ತಿದ್ದ. “ಒಂದ ಮಾತಿನಾಗ ಎಕರೆ ಕೊಟ್ಟು ಬಂದ್ಯಲ್ಲೋ ಅಣ್ಣಾ.”

“ಕೇಳಿಸಿದ್ದಷ್ಟ ಹೇಳೀನಿ,” ಅಂದ ದಸ್ತಗೀರ. “ಮ್ಯಾಲ ಒಂದು ಕೋರ್ಟ್ ಐತಿ. ಅಲ್ಲಿ ಈ ವಕೀಲರು ಬರಂಗಿಲ್ಲ.” ಪಕ್ಕದಲ್ಲಿದ್ದ ವಕೀಲರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಅದೇ ವಕೀಲರು ಅಂತಿಮ ವಾದದಲ್ಲಿ ಕೊನೆಯ ಅಸ್ತ್ರವೆಂಬಂತೆ ಬಾಯಿಮಾತಿನ ಹಕ್ಕುತ್ಯಾಗವನ್ನು ಒಪ್ಪಿದ ಹೊರದೇಶದ ತೀರ್ಪೊಂದನ್ನು ಮುಂದಿಟ್ಟರು. “ಓದುತ್ತೇನೆ, ಕಲಿಯುವುದಕ್ಕೆ ಅಡ್ಡಿಯಿಲ್ಲ,” ಎಂದರು ನ್ಯಾಯಾಧೀಶರು. “ಆದರೆ ಅದು ನನ್ನ ಕೈ ಕಟ್ಟುವುದಿಲ್ಲ. ಅಲ್ಲದೆ ಅಲ್ಲಿ ಮಾತು ಆಡಿದವರಿದ್ದರು. ಇಲ್ಲಿ ಮಾತೇ ಇಲ್ಲ.”

ತೀರ್ಪು ಜೈತೂನಬಿಯ ಪರ ಬಂತು. ‘ಧರ್ಮದ ಕಾನೂನಿಗೆ ಗೆಲುವು’ ಎಂಬ ಶೀರ್ಷಿಕೆ ಕೊಡೋಣವೇ ಎಂದು ಡೆಸ್ಕಿನವರು ಫೋನಿನಲ್ಲಿ ಕೇಳಿದರು. ಬೇಡವೆಂದೆ, ‘ಐನಾಪುರ ಮಹಿಳೆಗೆ ತೋಟದಲ್ಲಿ ಪಾಲು’ ಎಂದಷ್ಟೇ ಅಚ್ಚಾಯಿತು. ತೀರ್ಪಿನ ಒಂದು ವಾಕ್ಯಕ್ಕೆ ಅಂದು ಜಾಗ ಸಿಗಲಿಲ್ಲ. ಒಂದನೇ ಪ್ರತಿವಾದಿ ತನ್ನ ಹಿತಕ್ಕೆ ವಿರುದ್ಧವಾಗಿ ಸತ್ಯ ನುಡಿದಿದ್ದಾನೆ, ನ್ಯಾಯಾಲಯ ಅದನ್ನು ಗೌರವದಿಂದ ದಾಖಲಿಸುತ್ತದೆ ಎಂದಿತ್ತು ಅದರಲ್ಲಿ.

ಕೋರ್ಟಿನೊಳಗೆ ಧರ್ಮ ಎಷ್ಟು ಬರಬೇಕು ಎಂದು ಈಗಲೂ ನನ್ನನ್ನು ಕೇಳುವವರಿದ್ದಾರೆ. ಕಾನೂನಿನ ಪುಸ್ತಕದಲ್ಲಿ ಎಷ್ಟಿರಬೇಕೆಂದು ಹೇಳುವಷ್ಟು ನಾನು ಓದಿದವನಲ್ಲ. ಕಟಕಟೆಯ ಕಟ್ಟಿಗೆ ಹಿಡಿದು ನಿಂತವನಲ್ಲಿ ಎಷ್ಟಿರಬೇಕೆಂಬುದನ್ನು ಮಾತ್ರ ಅಥಣಿಯಲ್ಲಿ ಕಣ್ಣಾರೆ ನೋಡಿದ್ದೇನೆ.