ಅಮೂಲ್ಯ ಸಾಕ್ಷಿ ಹೇಳಿದ ಬುಧವಾರ

ದೊಡ್ಡಲಕ್ಷ್ಮಮ್ಮನಿಗೆ ಅಕ್ಷರ ಕಲಿಸಿದ್ದು ಬುಧವಾರದ ಕೂಟ. ಆಗ ಅವಳಿಗೆ ನಲವತ್ತಮೂರು ವರ್ಷ. ಗಂಡ ಮುನಿಶಾಮಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ತಿಥಿ ಮುಗಿಸಿಕೊಂಡು ತಮ್ಮ ಊರು ಕೂಟಗಲ್ಲಿಗೆ ಹೋದ ನೆಂಟರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ರಾಮನಗರದ ಆ ಓಣಿಯಲ್ಲಿ ಪಕ್ಕದ ಮನೆಯ ಅಂಕಮ್ಮನೇ ದಿನಾ ಒಂದು ಮುದ್ದೆ, ಒಂದಿಷ್ಟು ಸಾರು ತಂದಿಡುತ್ತಿದ್ದವಳು. ಒಂದು ಬುಧವಾರ ಅವಳು, "ಬಾ ಲಕ್ಷ್ಮಕ್ಕ, ಒಸಿ ಹೊತ್ತು ಕೂತ್ಕೊಂಡು ಬರಾನ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು.

ಊರಿನ ಕ್ರೈಸ್ತ ಸಭೆಯ ಹತ್ತು ಹನ್ನೆರಡು ಜನ ವಾರಕ್ಕೊಂದು ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಬೈಬಲಿನ ವೇದಪಾಠ ಓದುತ್ತಿದ್ದರು. ನಡೆಸುತ್ತಿದ್ದವರು ದೇವರಾಜ್, ನಿವೃತ್ತ ಮೇಷ್ಟ್ರು. ಓದಲು ಬಾರದ ಹೆಂಗಸನ್ನು ಅವರು ಮೂಲೆಯಲ್ಲಿ ಕೂರಿಸಲಿಲ್ಲ. ಮೊದಲು ಅ ಆ ಇ ಈ ತಿದ್ದಿಸಿದರು. ವರ್ಷ ತುಂಬುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಗೌಸ್ ಸಾಹೇಬರ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಬಿಸಿನೀರಲ್ಲಿ ಬೆಂದು ಬಿಳಿಚಿಕೊಂಡ ಆ ಬೆರಳು ಅಕ್ಷರದಿಂದ ಅಕ್ಷರಕ್ಕೆ ನಿಧಾನ ಸರಿಯುತ್ತಿದ್ದರೆ ಎಲ್ಲರೂ ಕಾಯುತ್ತಿದ್ದರು. ಅಷ್ಟು ಪ್ರೀತಿ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ದೀಕ್ಷಾಸ್ನಾನದ ಹೊತ್ತಿಗೆ ಹೊಸ ಹೆಸರಿಟ್ಟುಕೊಳ್ಳಲು ಹೇಳಿದರು. ಅವಳು ಒಪ್ಪಲಿಲ್ಲ.

"ನಮ್ಮವ್ವ ಇಟ್ಟಿದ್ದು ಕಣಣ್ಣ. ಈ ಹೆಸರಲ್ಲಿ ಕೂಗಿದ್ರೆ ಯೇಸಪ್ಪಂಗೆ ಗುರ್ತು ಸಿಗಾಕಿಲ್ವಾ?"

ದೇವರಾಜ್ ನಕ್ಕು, ಹಾಗೇ ಇರಲಿ ಎಂದಿದ್ದರು.

ಅವಳ ಒಬ್ಬಳೇ ಮಗಳು ಅಮೂಲ್ಯ. ಚನ್ನಪಟ್ಟಣದ ಒಂದು ಚಿಕ್ಕ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುತ್ತಿದ್ದಳು. ಇಪ್ಪತ್ತಮೂರು ತುಂಬಿದ ವರ್ಷ ಕಾಲು ಊದಿಕೊಂಡಿತು, ಆಮೇಲೆ ಮುಖ. ಎರಡೂ ಕಿಡ್ನಿ ಹೋಗಿವೆ ಎಂದರು ಡಾಕ್ಟರು. ವಾರಕ್ಕೆರಡು ಸಲ ಡಯಾಲಿಸಿಸ್. ತಾಯಿ ಮಗಳು ಬಸ್ಸು ಹತ್ತಿ ಹೋಗುವುದು, ನಾಲ್ಕು ಗಂಟೆ ಮಿಷನ್ನಿನ ಪಕ್ಕದಲ್ಲಿ ಕೂತು ಬರುವುದು ಅಭ್ಯಾಸವಾಯಿತು. ಗೌಸ್ ಸಾಹೇಬರು ಆ ಎರಡು ದಿನ ಅವಳನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಕೂಟದವರು ಉಪವಾಸ ಮಾಡಿದರು. ಮನೆಗೆ ಬಂದು ಅಮೂಲ್ಯಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಐದನೇ ತಿಂಗಳ ಒಂದು ಬುಧವಾರ ದೇವರಾಜ್ ಕಣ್ಣು ಮುಚ್ಚಿಕೊಂಡೇ, "ಈ ಮಗು ಗುಣ ಆಯ್ತು ಅಂತ ಕರ್ತನು ನನಗೆ ತಿಳಿಸಿದ್ದಾನೆ. ಇವತ್ತಿಂದ ಯಾರೂ ಕಾಯಿಲೆ ಅನ್ನೋ ಮಾತಾಡಬಾರದು. ಸ್ತೋತ್ರ ಮಾತ್ರ ಹೇಳಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಲಕ್ಷ್ಮಮ್ಮನೂ ತಟ್ಟಿದಳು. ಮರುದಿನ ಎಂದಿನಂತೆ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡವರು ಹೇಳಿದ್ದಿರಬೇಕು. ಮುಂದಿನ ಬುಧವಾರ ದೇವರಾಜ್ ನೇರವಾಗಿ ಕೇಳಿದರು: "ಸಿಸ್ಟರ್, ಕರ್ತನ ಮಾತಿನ ಮೇಲೆ ನಂಬಿಕೆ ಇಲ್ವಾ ನಿಮಗೆ?"

"ಐತೆ ಕಣಣ್ಣ. ಡಾಕ್ಟ್ರಿಗೆ ಬುದ್ಧಿ ಕೊಟ್ಟೋನೂ ಅವನೇ ಅಲ್ವಾ?"

ಅವತ್ತು ಅವಳ ಸರದಿ ಬಂದಾಗ ಓದಲು ಹೇಳದೆ ಪುಸ್ತಕವನ್ನು ಪಕ್ಕದವರಿಗೆ ದಾಟಿಸಿದರು. ಕೂಟ ಮುಗಿದ ಮೇಲೆ ಅಂಕಮ್ಮನೂ ಅವಳಿಗಾಗಿ ನಿಲ್ಲದೆ ಮುಂದೆ ನಡೆದಳು. ಮನೆಗೆ ಬಂದ ತಾಯಿಯ ಮುಖವನ್ನು ಅಮೂಲ್ಯ ನೋಡಿದಳು.

ಅದರ ಮುಂದಿನ ಬುಧವಾರ ಅಮೂಲ್ಯ ತಾನೂ ಬರುತ್ತೇನೆಂದಳು. ಹಾಡು ಮುಗಿದ ಮೇಲೆ ಗೋಡೆ ಹಿಡಿದುಕೊಂಡು ಎದ್ದು ನಿಂತು, "ಕರ್ತನು ನನ್ನನ್ನು ಗುಣ ಮಾಡಿದ್ದಾನೆ. ನನಗೀಗ ಏನೂ ತೊಂದರೆ ಇಲ್ಲ" ಎಂದಳು. ಎಲ್ಲರೂ ಎದ್ದರು, ಅತ್ತರು, ಹಾಡಿದರು. ಅಂಕಮ್ಮ ಓಡಿ ಬಂದು ದೊಡ್ಡಲಕ್ಷ್ಮಮ್ಮನನ್ನು ತಬ್ಬಿಕೊಂಡಳು. ಮಗಳ ಕಣ್ಣಿನ ಕೆಳಗಿನ ಬಾವು ಆ ತಾಯಿಗೆ ಎದುರಿಗೇ ಕಾಣುತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಒಂದು ವಾರದ ಮೇಲೆ ಯಾರೋ ತನ್ನನ್ನು ತಬ್ಬಿಕೊಂಡಿದ್ದರು.

ದಾರಿಯಲ್ಲಿ ಮಗಳನ್ನು ಕೇಳಿದಳು: "ಯಾಕವ್ವ ಹಂಗಂದೆ?"

"ನಾಳೆ ನಾನಿಲ್ದೆ ಹೋದ್ರೆ ನಿಂಗೆ ಅವ್ರೇ ತಾನೆ ಇರೋದು. ಅವ್ರೂ ಬುಟ್ಟೋದ್ರೆ?"

ದೇವರು ಗುಣ ಮಾಡಿದನೆಂದು ಎಲ್ಲರೆದುರು ಸಾಕ್ಷಿ ಹೇಳಿದ ಮೇಲೆ ಆಸ್ಪತ್ರೆಗೆ ಹೇಗೆ ಹೋಗುವುದು? ಗುರುವಾರ ಅಮೂಲ್ಯ ಬೇಡವೆಂದಳು. "ಒಂದು ಸಲ ತಪ್ಪಿದ್ರೆ ಏನಾಗಲ್ಲ, ಸೋಮವಾರ ಹೋಗಾನ" ಎಂದಳು. ಸೋಮವಾರ ಇಡೀ ಕೂಟ ಸ್ತೋತ್ರ ಹೇಳಲು ಹಣ್ಣು ಹಿಡಿದುಕೊಂಡು ಮನೆಗೇ ಬಂತು; ಅವರ ಎದುರು ಹೊರಡಲಾಗಲಿಲ್ಲ. ಮಂಗಳವಾರ ಬೆಳಗ್ಗೆ ಅಮೂಲ್ಯಳಿಗೆ ಉಸಿರಾಡಲಾಗಲಿಲ್ಲ. ಆಟೋದಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟವಳು ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಮಣ್ಣಿಗೆ ಎಲ್ಲರೂ ಬಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಆ ಮನೆಯಲ್ಲಿ ಯಾರದೋ ನಂಬಿಕೆ ಅರೆಬರೆ ಇತ್ತಂತೆ ಎಂಬ ಮಾತು ಮಾತ್ರ ಓಣಿಯಲ್ಲಿ ಓಡಾಡಿತು. ಯಾರದು ಎಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಎರಡು ತಿಂಗಳ ನಂತರ ದೊಡ್ಡಲಕ್ಷ್ಮಮ್ಮ ಮತ್ತೆ ಕೂಟಕ್ಕೆ ಹೋದಳು. ಮಗಳು ಕರ್ತನ ಬಳಿ ಇದ್ದಾಳೆ, ನನಗೆ ದುಃಖವಿಲ್ಲ ಎಂದು ಸಾಕ್ಷಿ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದರು ದೇವರಾಜ್. ಅವಳು ಎದ್ದು ನಿಂತಳು.

"ನಂಗೆ ದುಃಖ ಐತೆ," ಎಂದಳು. "ನನ್ ಮಗೀಗೆ ಗುಣ ಆಗಿರ್ನಿಲ್ಲ. ನೀವು ನನ್ ಕೈ ಬುಡಬಾರ್ದು ಅಂತ ಸುಳ್ ಹೇಳ್ತು. ಸುಳ್ಳು ಅಂತ ನಂಗೆ ಗೊತ್ತಿತ್ತು. ನಾನು ಸುಮ್ಕಿದ್ದೆ. ಯೇಸಪ್ಪನ ಮೇಲೆ ನಂಗೆ ಸಿಟ್ಟೈತೆ. ದಿನಾ ಅವನತ್ರಾನೇ ಹೇಳ್ಕೊಂಡು ಅಳ್ತೀನಿ. ಇದೇ ನನ್ ಸಾಕ್ಷಿ."

ದೇವರಾಜ್ ಮುಖ ಬಿಳಿಚಿಕೊಂಡಿತು. "ಈ ಮಾತು ವಾಪಸ್ ತಗೊಳ್ಳಿ ಸಿಸ್ಟರ್. ಉಳಿದವರ ನಂಬಿಕೆ ಕೆಡುತ್ತೆ."

"ಹೆಂಗಣ್ಣ ತಗೊಳ್ಳಲಿ? ಇನ್ನೊಂದು ಸಲ ಸುಳ್ ಹೇಳ್ಳಾ?"

"ಹಾಗಾದರೆ ಮನಸ್ಸು ಸರಿಹೋಗೋ ತನಕ ಮನೇಲೇ ಇರಿ." ಅಕ್ಷರ ತಿದ್ದಿಸಿದ ಮೇಷ್ಟ್ರ ಧ್ವನಿ ಒಡೆದಿತ್ತು. ಆದರೂ ಅವರು ಅದನ್ನು ಹೇಳಿದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರ ಕಣ್ಣೂ ಪುಸ್ತಕದಲ್ಲಿತ್ತು.

ನಾಲ್ಕು ದಿನ ಕಳೆದು ಅಂಕಮ್ಮ ಹಿತ್ತಲ ಬಾಗಿಲಿಗೆ ಬಂದಳು, ಕುಂಟಿಕೊಂಡು. ತನ್ನ ಮಂಡಿನೋವು ವಾಸಿಯಾಯಿತೆಂದು ಹಿಂದಿನ ವರ್ಷ ಕೂಟದಲ್ಲಿ ಸಾಕ್ಷಿ ಹೇಳಿದ್ದಳು.

"ನಂದೂ ಸುಳ್ಳೇ ಕಣಕ್ಕ," ಎಂದು ಸೆರಗು ಬಾಯಿಗೊತ್ತಿ ಅತ್ತಳು. "ನಿನ್ನಂಗೆ ಎದ್ ನಿಂತ್ಕಳಾಕೆ ನನ್ ಕೈಲಾಗ್ನಿಲ್ಲ."

"ಆಗ್ದಿದ್ರೆ ಬುಡು. ಕಾಲು ತೋರ್ಸು," ಎಂದಳು ದೊಡ್ಡಲಕ್ಷ್ಮಮ್ಮ. ಬಿಸಿನೀರಲ್ಲಿ ಬಟ್ಟೆ ಅದ್ದಿ ಮಂಡಿಗೆ ಶಾಖ ಕೊಟ್ಟಳು. ಇಬ್ಬರೂ ಅಮೂಲ್ಯಳ ಮಾತು ಆಡಿಕೊಂಡು ತುಂಬ ಹೊತ್ತು ಕೂತರು. ಹೊರಡುವಾಗ ಅಂಕಮ್ಮ, ತಾನು ಇಲ್ಲಿಗೆ ಬಂದದ್ದು ಯಾರಿಗೂ ಗೊತ್ತಾಗಬಾರದು ಎಂದಳು. ಆ ವಾರದ ಬುಧವಾರ ಅವಳು ಹಲ್ಲು ಕಚ್ಚಿ ನೆಟ್ಟಗೆ ನಡೆದುಕೊಂಡು ಕೂಟಕ್ಕೆ ಹೋದಳು.

ದೊಡ್ಡಲಕ್ಷ್ಮಮ್ಮ ಸಭೆ ಬಿಡಲಿಲ್ಲ. ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆ ಬೆಂಚಿಗೆ ಬೇರೆ ಯಾರೂ ಬರುವುದಿಲ್ಲ. ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಾ ತುಟಿ ಆಡಿಸುತ್ತಿರುತ್ತಾಳೆ. ಒಂದು ದಿನ ಗೌಸ್ ಸಾಹೇಬರು, "ಏನಮ್ಮ, ಯಾರ ಹತ್ರ ಮಾತು?" ಎಂದು ಕೇಳಿದರು.

"ಅವನತ್ರಾನೇ ಸಾಹೇಬ್ರೇ. ಜಗಳ ಇನ್ನೂ ಮುಗ್ದಿಲ್ಲ," ಎಂದಳು.

ಅವರು ಅವಳ ಒಲೆಗೆ ಒಂದು ಸೌದೆ ತಳ್ಳಿ, ಮುಂದಿನ ಒಲೆಯ ಕಡೆಗೆ ಹೋದರು.