ಬೆಳಗದ ತಟ್ಟೆಯನ್ನು ಕಾದವರು

ಮೂತ್ರಪಿಂಡದ ಜೀವಕೋಶದ ನೆತ್ತಿಯ ಮೇಲೊಂದು ಒಂಟಿ ರೋಮವಿದೆ. ಕೆಲಸಕ್ಕೆ ಬಾರದ್ದೆಂದು ಹಿರಿಯರು ಕೈಬಿಟ್ಟಿದ್ದ ಆ ರೋಮದ ಅಧ್ಯಯನಕ್ಕೆ ಬಾಳನ್ನೇ ಸವೆಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿ ಮೇಡಂ. 'ಕೂದಲು ಸೀಳುವ ಮೇಡಂ' ಎಂದು ಸಹೋದ್ಯೋಗಿಗಳು ನಕ್ಕರು. ನಗಲಿ.

ದ್ರವ ಹರಿದಾಗ ರೋಮ ಬಾಗುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕೋಶಕ್ಕೆ ಮೊದಲೇ ಬೆರೆಸಿದ ಬಣ್ಣ ಹಸಿರಾಗಿ ಬೆಳಗುತ್ತದೆ. ಹರಿವಿನ ಆ ಸುದ್ದಿ ಮುಟ್ಟದ ಕೋಶಗಳು ಹದ್ದುಮೀರಿ ಬೆಳೆದು, ನೀರುಗುಳ್ಳೆಗಳಾಗಿ ಮೂತ್ರಪಿಂಡವನ್ನೇ ನುಂಗುತ್ತವೆ ಎಂಬುದು ಅವರ ವಾದ. ಈ ಲೇಖಕನ ಅಪ್ಪನನ್ನು ನುಂಗಿದ್ದೂ, ಎಂಟನೇ ತರಗತಿಗೇ ಇವನ ಶಾಲೆ ಬಿಡಿಸಿದ್ದೂ ಆ ಗುಳ್ಳೆಗಳೇ.

ಆಮೇಲೆ ಅಕ್ಕ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅವಳ ಮೂತ್ರಪಿಂಡದ ಕೋಶಗಳನ್ನು ಮೇಡಂ ಕೇಳಿ ಪಡೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಒಂದು ದಿನ ಅಕ್ಕ ತಮ್ಮ ಇಬ್ಬರನ್ನೂ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ದ್ರವ ಹರಿಸಿದಾಗ ಆರೋಗ್ಯವಂತರ ಕೋಶಗಳ ತಟ್ಟೆ ಬೆಳಗಿತು. ಅಕ್ಕನದು ಕಪ್ಪಗೇ ಉಳಿಯಿತು.

"ನನ್ನವು ಯಾಕೆ ಮೇಡಂ ಹೀಗೆ ಮುಖ ಊದಿಸ್ಕೊಂಡು ಕೂತಿವೆ?"

"ಕೋಪ ಅಲ್ಲಮ್ಮ. ಬಾಗಿಲು ಬಡಿದ್ರೂ ಅವಕ್ಕೆ ಕೇಳಿಸ್ತಿಲ್ಲ."

"ಔಷಧಿ?"

"ನನ್ನ ಹತ್ರ ಇಲ್ಲ. ಸುಳ್ಳು ಹೇಳಲ್ಲ."

ಐದು ವರ್ಷದಲ್ಲಿ ಮದ್ದು ಬಂದೇಬಿಡುತ್ತದೆಂದು ಉಳಿದ ವೈದ್ಯರೆಲ್ಲ ಬೆನ್ನು ಸವರಿ ಕಳಿಸಿದ್ದರು. "ಇವ್ರೊಬ್ರೇ ಕಣೋ ಮನುಷ್ಯರ ಥರ ಮಾತಾಡಿದ್ದು" ಎಂದಳು ಅಕ್ಕ, ಬಸ್ಸಿನಲ್ಲಿ. ಮೂರನೇ ವರ್ಷಕ್ಕೆ ಹೋದಳು.

ಅವಳ ಕೋಶಗಳು ಮಾತ್ರ ದ್ರವ ಸಾರಜನಕದ ಪೀಪಾಯಿಯಲ್ಲಿ ಹೆಪ್ಪುಗಟ್ಟಿ ಉಳಿದವು. ಪೀಪಾಯಿ ತುಂಬಿಸುವ ಕೆಲಸವನ್ನು ಮೇಡಂ ಈ ಲೇಖಕನಿಗೇ ಕೊಡಿಸಿದರು. "ನಿಮ್ಮಕ್ಕನ್ನ ನೀನೇ ನೋಡ್ಕೋ" ಎಂದರು. ಹರಿವಿನ ಸುದ್ದಿ ತರುವುದು ಆ ರೋಮವೇ ಅಲ್ಲ ಎಂದು ಬೇರೊಂದು ತಂಡ ಬರೆದಾಗ, ಮೇಡಂ ಆ ಪ್ರಬಂಧವನ್ನೇ ತರಗತಿಯಲ್ಲಿ ಪಾಠ ಮಾಡಿದರು. ಅಂದು ಊಟದ ಡಬ್ಬಿ ತೆರೆಯಲಿಲ್ಲ.

ಈಗ ಆದೇಶ ಬಂದಿದೆ: ಮೇಡಂ ನಿವೃತ್ತರಾದೊಡನೆ ಪೀಪಾಯಿ ಖಾಲಿಯಾಗಬೇಕು. ಮೇಡಂ ಕಂಡಕಂಡ ಕಚೇರಿಯ ಮೆಟ್ಟಿಲು ಹತ್ತಿದರು. "ಅಷ್ಟು ಪ್ರೀತಿ ಇದ್ರೆ ಮನೇಲಿ ಫ್ರಿಜ್ಜಲ್ಲಿಟ್ಕೊಳ್ಳಿ" ಎಂದ ಒಬ್ಬ ಅಧಿಕಾರಿ. ಅವನ ಬಾಯಿಗೆ ಹುಳ ಬೀಳಲಿ. ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನು ಬರೆಯಬಾರದೆಂದು ಸಂಪಾದಕರು ಹೇಳಿದ್ದಾರೆ, ಬೇಕಾದರೆ ಹೊಡೆದುಹಾಕಲಿ.

ಅಕ್ಕನ ಕೊನೆಯ ಕೊಳವೆಯ ಕೋಶಗಳನ್ನು ಕರಗಿಸಿ ಬೆಳೆಸಿ, ಕಳೆದ ಸೋಮವಾರ ಮೇಡಂ ದ್ರವ ಹರಿಸಿದರು. ಕತ್ತಲೆ. "ಇನ್ನೊಂದ್ಸಲ ಹರಿಸ್ಲೇನೋ?" ಎಂದು ಕೇಳಿ ಹರಿಸಿದರು. ಕತ್ತಲೆಯೇ. ಬಳಸಿದ ತಟ್ಟೆಗೆ ಬ್ಲೀಚು ಸುರಿಯುವುದು ನಿಯಮ. ಮೇಡಂಗೆ ಕೈ ಏಳಲಿಲ್ಲ. ತಮ್ಮನೇ ಸುರಿದ.

ಮೇಡಂ ಬಹುಕಾಲ ಬಾಳಲಿ. ಎಲ್ಲಾದರೂ ಒಂದು ಕೋಣೆ, ಒಂದು ಪೀಪಾಯಿ ಸಿಕ್ಕಿ ಅವರ ಕೆಲಸ ಮುಂದುವರಿಯಲಿ. ಇದು ಬಾಯುಪಚಾರವಲ್ಲ, ಈ ಲೇಖಕನ ಸ್ಕ್ಯಾನಿನಲ್ಲೂ ಗುಳ್ಳೆಗಳು ಕಂಡಿವೆ. ಕೋಣೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತು, ಮೇಡಂಗೂ ಗೊತ್ತು.