ಉಗುರಿನ ಮೇಲಿನ ನೀಲಿ

ತಾತನ ಎಡಗೈ ಹೆಬ್ಬೆರಳಿನ ಉಗುರು ಒಂದು ವಾರ ಕೆಂಪಗಿದ್ದರೆ ಮರುವಾರ ಹಳದಿಯಾಗಿರುತ್ತಿತ್ತು. ಬೆರೆಸಿದ ಬಣ್ಣವನ್ನು ಮೊದಲು ಆ ಉಗುರಿಗೆ ಸವರಿ, ಒಣಗಿದ ಮೇಲೆ ಗಾಡಿಯ ಹಳೇ ಬಣ್ಣದ ಪಕ್ಕ ಹಿಡಿದು ನೋಡುವುದು ಅವರ ಪದ್ಧತಿ. ರಾಯದುರ್ಗದಲ್ಲಿ ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುತ್ತಿದ್ದ ಅವರ ಶೆಡ್ಡಿನ ಪಕ್ಕದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನ ಊರು ರೊಳ್ಳ. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ, ನಾನು ಇಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕಾರ್ಖಾನೆಗೆ ಬಂದೆ. ಒಂದೇ ಪ್ಯಾಂಟಿಗೆ ಎರಡು ಬಗೆಯ ನೀಲಿ ಸೇರದಂತೆ ಬಟ್ಟೆ ವಿಂಗಡಿಸುವುದು ನನ್ನ ಕೆಲಸ.

ತಾತನಿಗೆ ತನ್ನವರೆಂದು ಯಾರೂ ಇರಲಿಲ್ಲ. ಭಾನುವಾರ ನಾವಿಬ್ಬರೂ ನಮ್ಮ ನಮ್ಮ ಬಾಗಿಲಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆವು.

ಒಮ್ಮೆ ಶೇಂಗಾ ವ್ಯಾಪಾರಿಯೊಬ್ಬರು ತಮ್ಮ ಅಪ್ಪನ ಕಾಲದ ಟ್ರ್ಯಾಕ್ಟರ್ ಎಳೆಸಿಕೊಂಡು ಬಂದರು. ಹೊಸದರಲ್ಲಿ ಹೇಗಿತ್ತೋ ಅದೇ ನೀಲಿ ಬೇಕೆಂದು ಬಾನೆಟ್ ತೋರಿಸಿದರು. ತಾತ ನಕ್ಕುಬಿಟ್ಟರು.

"ಅದು ಬಿಸಿಲು ತಿಂದು ಉಳಿಸಿದ್ದು ರೀ. ಖರೇ ಬಣ್ಣ ಬಿಸಿಲು ಕಾಣದ ಜಾಗದಾಗ ಕುಂತಿರತೈತಿ."

ಸೀಟಿನ ಕೆಳಗಿದ್ದ ಸಾಮಾನಿನ ಪೆಟ್ಟಿಗೆ ಬಿಚ್ಚಿ, ಅದರ ಬೆನ್ನಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಅಂಗೈಯಗಲ ನೀಲಿ, ನಿನ್ನೆ ಹೊಡೆದಂತೆ ಹೊಳೆಯಿತು. ಅಬ್ಬಾ, ಎಷ್ಟು ಚೆಂದವಿತ್ತು!

ಎರಡು ದಿನ ಬೆರೆಸಿದರು. ಮೂರನೆಯ ದಿನ ಬೆಳಿಗ್ಗೆ ಉಗುರನ್ನು ಆ ಪೆಟ್ಟಿಗೆಯ ಪಕ್ಕ ಹಿಡಿದು ನನ್ನನ್ನು ಕರೆದರು. ಎಂದೂ ಯಾರನ್ನೂ ಕೇಳಿದವರಲ್ಲ.

"ಒಂದೇ ಐತಲ್ಲವ್ವ?"

ಒಂದೇ ಇರಲಿಲ್ಲ. ಉಗುರಿನದು ಹಸಿರಿಗೆ ತಿರುಗಿತ್ತು. ಅವರ ಕಣ್ಣಿಗೆ ಪೊರೆ ಬಂದಿದ್ದನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನನ್ನ ಹಾಳು ಬಾಯಿ, "ಒಂದೇ ತಾತ" ಅಂದುಬಿಟ್ಟಿತು.

ಸಂಜೆ ಕೆಲಸ ಬಿಟ್ಟು ಬರುವಷ್ಟರಲ್ಲಿ ಒಂದು ಮಡ್‌ಗಾರ್ಡ್ ಮುಗಿದಿತ್ತು. ಅದರ ಮುಂದೆ ಅವರು ಖುಷಿಯಿಂದ ಕೈಕಟ್ಟಿ ನಿಂತಿದ್ದರು. ನಾಳೆ ವ್ಯಾಪಾರಿ ಬಂದು ನಾಲ್ಕು ಜನರ ಮುಂದೆ ಎತ್ತಿ ಆಡುವುದಕ್ಕಿಂತ ನಾನೇ ಹೇಳುವುದು ವಾಸಿ ಅನ್ನಿಸಿತು.

"ತಾತ, ಅದು ಹಸ್ರಾಗೈತೆ. ಬೆಳಿಗ್ಗೆ ನಾನು ಸುಳ್ಳೇಳ್ದೆ."

ತಾತ ಮಡ್‌ಗಾರ್ಡನ್ನು ಮೆಲ್ಲಗೆ ಸವರಿದರು.

"ನನ್ನ ಕಣ್ಣು ಮೋಸ ಮಾಡಿದ್ದು ಇರ್ಲಿ. ನೀ ಯಾಕ ಮಾಡಿದೆವ್ವ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ನಾನು ರಜೆ ಹಾಕಿದೆ. ಎಷ್ಟು ಕಪ್ಪು, ಎಷ್ಟು ಬಿಳಿ ಎಂದು ಅವರು ಹೇಳಿದರು. ಸಾಕು, ಇನ್ನೊಂದು ಹನಿ ಎಂದು ನಾನು ಹೇಳಿದೆ. ಈ ಸಲ ಬಣ್ಣ ಸವರಿದ್ದು ನನ್ನ ಉಗುರಿಗೆ.

"ಶೆಡ್ಡಿನಾಗ ನೋಡಬ್ಯಾಡ. ಪೆಟ್ಟಿಗಿ ತಗೊಂಡು ಬಯಲಿಗೆ ಬಾ."

ಬಣ್ಣ ಮುಗಿದ ಟ್ರ್ಯಾಕ್ಟರ್ ನೋಡಿ ವ್ಯಾಪಾರಿ ಕಣ್ಣೊರೆಸಿಕೊಂಡರು. "ನಮ್ಮಪ್ಪನೇ ಓಡಿಸಿಕೊಂಡು ಬಂದಂಗಾತು ನೋಡ್ರಿ" ಅಂದರು. ತಾತ ನನ್ನ ಕಡೆ ಕೈ ತೋರಿಸಿ, "ಹೊಂದಿಸಿದಾಕಿ ಇಕಿ ರೀ" ಅಂದರು.

ಆಮೇಲೆ ಅವರು ಯಾವ ಗಾಡಿಯನ್ನೂ ಒಪ್ಪಿಕೊಳ್ಳಲಿಲ್ಲ. ಪೊರೆ ತೆಗೆಸಲು ಕರೆದುಕೊಂಡು ಹೋಗುತ್ತೇನೆಂದು ಎಷ್ಟು ಗೋಗರೆದರೂ, "ಇನ್ನ ಯಾರನ್ನ ನೋಡೋದೈತವ್ವ?" ಅನ್ನುತ್ತಿದ್ದರು. ನಾನು ಎದುರಿಗೇ ಕೂತಿರುತ್ತಿದ್ದೆ.

ಮರುವರ್ಷ ತೀರಿಕೊಂಡರು. ಮೈ ತೊಳೆಯಲು ಬಂದ ನೆರೆಯವರಿಗೆ ನೀರು ತಂದುಕೊಟ್ಟೆ. ಆಗ ಆ ಎಡಗೈ ಕಣ್ಣಿಗೆ ಬಿತ್ತು. ಉಗುರಿನಲ್ಲಿ ಚೂರೂ ಬಣ್ಣವಿರಲಿಲ್ಲ, ಎಲ್ಲರ ಉಗುರಿನಂತೆ ಇತ್ತು. ನಾನು ನಿಜ ಹೇಳಿದ ಮೇಲೆ ಅವರು ಅದಕ್ಕೆ ಬಣ್ಣ ಸವರಿರಲೇ ಇಲ್ಲ. ಶೆಡ್ಡಿನ ಗೋಡೆ ಹಿಡಿದುಕೊಂಡು ಅತ್ತೆ.